ಹೆಸರು ಹೇಳದೆ ಇಟ್ಟ ಕಾಯಿ

ದೈವ, ಆಣೆ, ಹರಕೆ ಎಂದರೆ ನಗುವವರ ಸಾಲಿನಲ್ಲಿ ನಾನು ಮುಂದೆಯೇ ನಿಂತಿದ್ದವನು. ವಿಮಾನ ಏಕೆ ಮೇಲೇಳುತ್ತದೆ ಎಂಬುದನ್ನು ಓದಿ, ಪರೀಕ್ಷೆ ಬರೆದು, ಸ್ವತಃ ಹಾರಿಸಿದವನಿಗೆ ಒಂದು ಕಲ್ಲಿನ ಮುಂದಿಟ್ಟ ತೆಂಗಿನಕಾಯಿಯ ಭಯ ಯಾಕೆ ಬೇಕು? ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ನಗುವುದನ್ನು ಬಿಟ್ಟಿದ್ದೇನೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಇದರಲ್ಲಿ ನಾನು ಒಳ್ಳೆಯವನಾಗಿ ಕಾಣುವುದಿಲ್ಲ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಏಳು ವರ್ಷಗಳ ಹಿಂದಿನ ಮಾತು. ನನಗೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಹೊಸದಾಗಿ ಸಿಕ್ಕಿತ್ತು. ನಮ್ಮೂರು ಲಾಯಿಲದಲ್ಲಿ ಅಪ್ಪನ ಟಯರ್ ಅಂಗಡಿಗೆ ಬಂದವರೆಲ್ಲ "ಮಗ ದುಬೈಗೆ ವಿಮಾನ ಬಿಡುವುದು ಯಾವಾಗ?" ಎಂದು ಕೇಳುವವರೇ. ಲೈಸೆನ್ಸ್‌ಗೆ ಇನ್ನೂರು ಗಂಟೆಯ ಹಾರಾಟ ಸಾಕು, ಕೆಲಸ ಕೊಡುವವರಿಗೆ ಅದು ಸಾಲುವುದಿಲ್ಲ ಎಂದು ಅವರಿಗೆ ಹೇಗೆ ಹೇಳುವುದು? ಗಂಟೆ ಇಲ್ಲದೆ ಕೆಲಸ ಇಲ್ಲ, ಕೆಲಸ ಇಲ್ಲದೆ ಗಂಟೆ ಕೂಡುವುದಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎನ್ನುತ್ತಾರಲ್ಲ, ಹಾಗೆ.

ಬಂಟ್ವಾಳದ ಸುಕೇಶನದ್ದೂ ಇದೇ ಅವಸ್ಥೆ. ಉಜಿರೆಯಲ್ಲಿ ಒಟ್ಟಿಗೆ ಓದಿ, ಘಟ್ಟದ ಮೇಲಿನ ಒಂದು ಫ್ಲೈಯಿಂಗ್ ಸ್ಕೂಲಿನಲ್ಲಿ ಒಟ್ಟಿಗೆ ಹಾರಲು ಕಲಿತವರು ನಾವು. ಅನುಭವ ಗಳಿಸಲು ನಮ್ಮ ಮುಂದೆ ಎರಡೇ ದಾರಿಗಳಿದ್ದವು. ಒಂದು, ಇನ್‌ಸ್ಟ್ರಕ್ಟರ್ ತರಬೇತಿ ಪಡೆದು ಅದೇ ಸ್ಕೂಲಿನಲ್ಲಿ ಹೊಸಬರಿಗೆ ಕಲಿಸುತ್ತ ಗಂಟೆ ಕೂಡಿಸುವುದು. ಇನ್ನೊಂದು, ವಿಮಾನದಿಂದ ಭೂಮಿಯ ಸರ್ವೆ ಮಾಡುವ ಸಣ್ಣ ಕಂಪನಿಯೊಂದರಲ್ಲಿ ಸಹಪೈಲಟ್ ಆಗುವುದು. ಗದ್ದೆ ಉಳುವವನ ಹಾಗೆ ದಿನಕ್ಕೆ ಆರು ಗಂಟೆ ಆಚೆಯಿಂದ ಈಚೆಗೆ ಹಾರುವ ಕೆಲಸ ಅದು. ನನಗೆ ಸರ್ವೆಯೇ ಬೇಕಿತ್ತು, ಒಂದೇ ವರ್ಷದಲ್ಲಿ ಸಾವಿರ ಗಂಟೆ ಆಗುತ್ತಿತ್ತು. ಅಲ್ಲಿ ಇದ್ದದ್ದು ಒಂದೇ ಸೀಟು.

ಕಂಪನಿಯವರು ಇನ್ನೂರ ಹತ್ತು ಗಂಟೆ ಕೇಳಿದ್ದರು. ಹಾರಿದ ಗಂಟೆ ಬರೆದಿಡುವ ನನ್ನ ಲಾಗ್‌ಬುಕ್ಕಿನಲ್ಲಿ ಇನ್ನೂರ ನಾಲ್ಕಿತ್ತು, ಸುಕೇಶನದರಲ್ಲಿ ಇನ್ನೂರ ಎರಡು. ಬೆಳ್ತಂಗಡಿಯ ಒಂದು ಹೋಟೆಲಿನಲ್ಲಿ ಬನ್ಸ್ ತಿನ್ನುತ್ತ ಕುಳಿತಿದ್ದಾಗ ಅವನೇ ಪೆನ್ನು ತೆಗೆದ. "ಬರೆ ಮಾರಾಯ, ಯಾರು ನೋಡ್ತಾರೆ? ಎಲ್ಲರೂ ಬರೆಯುವುದೇ." ನಾನು ಹಾರದ ಆರು ಗಂಟೆ ಬರೆದೆ, ಅವನು ಎಂಟು. ಮೇಲೊಂದು ಚಹಾ ಕುಡಿದು ಎದ್ದು, ಇಬ್ಬರೂ ಅರ್ಜಿ ಹಾಕಿದೆವು.

ಎರಡು ವಾರದ ನಂತರ ಕಂಪನಿಯಿಂದ ನನಗೆ ಫೋನ್ ಬಂತು. ನಿಮ್ಮ ಪುಸ್ತಕದಲ್ಲಿ ಪೆನ್ನಿನ ಗಂಟೆ ಉಂಟೆಂದು ತಿಳಿದಿದೆ, ಇನ್ನು ಬರುವುದು ಬೇಡ ಎಂದರು. ಆ ಸಂಗತಿ ಗೊತ್ತಿದ್ದವನು ಲೋಕದಲ್ಲಿ ಒಬ್ಬನೇ. ಸೀಟು ಸಿಕ್ಕಿದ್ದೂ ಅವನಿಗೇ. ಅವನು ನನ್ನ ಮೇಲೆ ಸುಳ್ಳು ಹೇಳಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ತನ್ನ ಎಂಟನ್ನು ಬಗಲಲ್ಲಿ ಇಟ್ಟುಕೊಂಡು ನನ್ನ ಆರನ್ನು ಬೀದಿಗೆ ಹಾಕಿದ್ದ. ಅವನ ವಿಷಯ ನಾನೂ ಹೇಳಬಹುದಿತ್ತು, ಆದರೆ ಸೋತವನ ಮಾತನ್ನು ಹೊಟ್ಟೆಕಿಚ್ಚು ಎನ್ನುತ್ತಾರೆ. ಮೂರು ದಿನ ಅನ್ನ ಸೇರಲಿಲ್ಲ. ಅವನು ಹಾಳಾಗಬೇಕು ಎಂದು ನಾನು ಮನಸಾರೆ ಬಯಸಿದೆ.

ಮೂಡುಬಿದಿರೆಯಲ್ಲಿ ಟೀಚರಾಗಿದ್ದ ನನ್ನ ಚಿಕ್ಕಮ್ಮ ಮನೆಗೆ ಬಂದಿದ್ದವಳು ಇದನ್ನು ಕೇಳಿ, "ನೀನು ಯಾಕೆ ಮಗಾ ಹಲ್ಲು ಕಚ್ಚುವುದು? ಕಕ್ಕಿಂಜೆಯ ಹತ್ತಿರ ಒಂದು ದೈವದ ಕಟ್ಟೆ ಉಂಟು. ಅನ್ಯಾಯ ಮಾಡಿದವನ ಮೇಲೆ ಆಣೆ ಹಾಕಿ ಅಲ್ಲಿ ಒಂದು ಕಾಯಿ ಇಟ್ಟು ಬಾ. ಮತ್ತೆ ದೈವ ಉಂಟು, ಅವನುಂಟು" ಎಂದಳು. ನಾನು ನಕ್ಕೆ. ಆದರೂ ಇನ್‌ಸ್ಟ್ರಕ್ಟರ್ ತರಬೇತಿಗೆಂದು ಚಾರ್ಮಾಡಿ ದಾರಿಯಾಗಿ ಘಟ್ಟ ಹತ್ತಲು ಹೊರಟ ದಿನ, ಬ್ಯಾಗಿನಲ್ಲಿ ಲಾಗ್‌ಬುಕ್ಕಿನ ಮೇಲೆ ಒಂದು ಸುಲಿಯದ ತೆಂಗಿನಕಾಯಿ ಇತ್ತು. ಕಕ್ಕಿಂಜೆಯಲ್ಲಿ ಬಸ್ಸಿಳಿದೆ.

ಕಟ್ಟೆ ನೋಡಿಕೊಳ್ಳುವ ಅಜ್ಜ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದರು. ನಾನು ಸುಕೇಶನ ಹೆಸರು, ಊರು, ಮನೆ ಎಲ್ಲ ಒದರಲು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು. "ಇಲ್ಲಿ ಹೆಸರು ಹೇಳುವ ಕ್ರಮ ಇಲ್ಲ. ತಪ್ಪು ಯಾವುದು ಅಷ್ಟು ಹೇಳಿ. ಯಾರದ್ದು ಅಂತ ಅದಕ್ಕೆ ಗೊತ್ತಾಗ್ತದೆ." ನಾನು ಕಾಯಿ ಇಟ್ಟು ತುಳುವಿನಲ್ಲಿ ಹೇಳಿದೆ. ಕನ್ನಡದಲ್ಲಿ ಹೇಳುವುದಾದರೆ, 'ಸುಳ್ಳು ಇಟ್ಟುಕೊಂಡು ಹಾರುವವನು ನೆಲ ಬಿಡಬಾರದು' ಎಂದು. ಅಜ್ಜ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. "ಆಣೆ ಬಿಡಿಸಿ ಕಾಯಿ ತೆಗೆಯಬೇಕಾದರೆ ನೀವು ಇಬ್ಬರೂ ಒಟ್ಟಿಗೆ ಬರಬೇಕು, ಗೊತ್ತುಂಟಲ್ಲ?" ಎಂದರು. ತೆಗೆಯುವ ಪ್ರಶ್ನೆಯೇ ಇಲ್ಲ ಎಂದು ಮುಂದಿನ ಬಸ್ಸು ಹತ್ತಿದೆ. ಮನಸ್ಸು ಹಗುರವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಮರುದಿನ ಬೆಳಿಗ್ಗೆ ಏಳಕ್ಕೆ ಮೊದಲ ಪಾಠ. ಕಲಿಸುವವನು ಬಲಗಡೆಯ ಸೀಟಿನಲ್ಲಿ ಕೂರಬೇಕು, ಕೈಗಳ ಕೆಲಸ ಅದಲು ಬದಲಾಗುತ್ತದೆ. ಎಡಗಡೆ ನಮ್ಮ ಕ್ಯಾಪ್ಟನ್ ಕುಳಿತಿದ್ದರು, ಮೈಸೂರು ಕಡೆಯವರು. ಆಕಾಶ ತಿಳಿಯಾಗಿತ್ತು, ಎಂಜಿನ್ ಸರಿಯಾಗಿತ್ತು. ರನ್‌ವೇಯಲ್ಲಿ ಓಡಿ ಬೇಕಾದ ವೇಗ ಬಂದಾಗ ಕಂಟ್ರೋಲನ್ನು ಹಿಂದಕ್ಕೆ ಎಳೆದೆ. ಮೂಗು ಏಳಲಿಲ್ಲ. ಇನ್ನೂ ಎಳೆದೆ, ತೋಳು ನೋಯುವಷ್ಟು ಎಳೆದೆ. ವಿಮಾನ ಜೀಪಿನ ಹಾಗೆ ನೆಲದ ಮೇಲೆಯೇ ಓಡುತ್ತಿತ್ತು. ಕ್ಯಾಪ್ಟನ್ ಎಂಜಿನ್ ಇಳಿಸಿ ಬ್ರೇಕ್ ಹಾಕಿದರು. "ಯಾಕ್ರೀ, ಎಳೀಲೇ ಇಲ್ವಲ್ಲ?" ಎಂದರು.

ಎರಡನೆಯ ಸಲವೂ ಹಾಗೆಯೇ ಆಯಿತು. ಮೂರನೆಯ ಸಲ ಬೇರೆ ವಿಮಾನ ತೆಗೆದುಕೊಂಡೆವು. ನಾನು ಎಳೆಯುತ್ತಲೇ ಇದ್ದೆ, ಅದು ಏಳಲಿಲ್ಲ. ಕ್ಯಾಪ್ಟನ್ ತಮ್ಮ ಕಡೆಯ ಕಂಟ್ರೋಲನ್ನು ಎರಡು ಬೆರಳಿನಲ್ಲಿ ಹಿಡಿದರು, ಅದು ಪಾರಿವಾಳದ ಹಾಗೆ ಎದ್ದಿತು. ಕೆಳಗೆ ಬಂದ ಮೇಲೆ ಅವರು ಬೈಯಲಿಲ್ಲ. "ಕೈ ಇಟ್ಕೊಂಡು ಸುಮ್ನೆ ಕೂತಿದ್ರಿ ಕಣ್ರೀ. ಬಲಗಡೆ ಸೀಟು ಹೊಸದು, ಆಗುತ್ತೆ" ಎಂದರು. ನಾನು ಸುಮ್ಮನೆ ಕುಳಿತಿರಲಿಲ್ಲ. ಭುಜ ಎರಡು ದಿನ ನೋಯುತ್ತಿತ್ತು.

ಆ ಸಂಜೆ ಹಾಸ್ಟೆಲಿನಲ್ಲಿ ಲಾಗ್‌ಬುಕ್ ಬರೆಯಲು ಕುಳಿತಾಗ ಆ ಆರು ಗಂಟೆಯ ಸಾಲು ಕಣ್ಣಿಗೆ ಬಿತ್ತು. ನನ್ನ ತಪ್ಪಿಗೆ ಶಿಕ್ಷೆ ಆಗಿ ಮುಗಿದಿದೆ ಎಂದುಕೊಂಡಿದ್ದೆ. ಆದರೆ ಆ ಸಾಲು ಅಲ್ಲಿಯೇ ಇತ್ತು, ಅದೇ ಪುಸ್ತಕ ತೋರಿಸಿ ನಾನು ಈ ತರಬೇತಿಗೆ ಸೇರಿದ್ದೆ. ಕಟ್ಟೆಯಲ್ಲಿ ಆಡಿದ ಮಾತು ನೆನಪಾಯಿತು. ಹೆಸರು ಹೇಳಿರಲಿಲ್ಲ. ಸುಳ್ಳು ಇಟ್ಟುಕೊಂಡು ಹಾರುವವನು ನಾನೂ ಹೌದು.

ಬೆಳಿಗ್ಗೆ ಪುಸ್ತಕ ಹಿಡಿದು ಕ್ಯಾಪ್ಟನ್ ಮುಂದೆ ನಿಂತು ಎಲ್ಲ ಹೇಳಿದೆ, ಕಾಯಿಯ ವಿಷಯ ಒಂದು ಬಿಟ್ಟು. ಅವರು ಪುಸ್ತಕ ತೆಗೆದು ಆ ಪುಟ ನೋಡಿದರು. ಆಮೇಲೆ ಕೆಂಪು ಪೆನ್ನು ಕೊಟ್ಟರು. ಆ ಸಾಲಿಗೆ ಗೆರೆ ಎಳೆದು ಸಹಿ ಹಾಕಿದೆ. ನನ್ನನ್ನು ತರಬೇತಿಯಿಂದ ಇಳಿಸಿ, ಮೂರು ತಿಂಗಳು ಬಿಟ್ಟು ಬಾ ಎಂದರು. ಮೂರು ತಿಂಗಳ ನಂತರ ಅದೇ ಸೀಟಿನಲ್ಲಿ ಕುಳಿತು ಎಳೆದಾಗ ವಿಮಾನ ಮೊದಲ ಸಲಕ್ಕೇ ಎದ್ದಿತು. ಕಾಯಿಯನ್ನು ಯಾರೂ ತೆಗೆದಿರಲಿಲ್ಲ.

ಮುಂದೆ ನಾಲ್ಕು ವರ್ಷ ಕಲಿಸಿದೆ, ಗಂಟೆ ಕೂಡಿದವು, ದೊಡ್ಡ ವಿಮಾನದಲ್ಲಿ ಸಹಪೈಲಟ್ ಆದೆ. ಸುಕೇಶನ ಕಂಪನಿಯ ಒಂದೇ ವಿಮಾನ ಕಾಗದಪತ್ರದ ತಕರಾರಿನಲ್ಲಿ ಶೆಡ್ಡಿನಿಂದ ಹೊರಗೆ ಬರಲೇ ಇಲ್ಲವೆಂದು ಕೇಳಿದ್ದೆ. ಕೇಳಿ ಸಂತೋಷಪಟ್ಟಿದ್ದೆ.

ಕಳೆದ ವರ್ಷ ರಜೆಯಲ್ಲಿ ಬಂಟ್ವಾಳ ಪೇಟೆಯಲ್ಲಿ ಅವನೇ ಸಿಕ್ಕಿದ. ಮಾವನ ಸಿಮೆಂಟ್ ಅಂಗಡಿಯಲ್ಲಿ ಕೂರುತ್ತಾನಂತೆ. ನನ್ನ ಕೈ ಹಿಡಿದು ಅಂಗಡಿಯ ಹಿಂದೆ ಕರೆದುಕೊಂಡು ಹೋದ. "ನಿನಗೆ ಮಾಡಿದ್ದು ತಪ್ಪು ಮಾರಾಯ, ನನಗೆ ಗೊತ್ತುಂಟು" ಎಂದ. ಮತ್ತೆ ದನಿ ಇಳಿಸಿ, "ಎರಡು ಸ್ಕೂಲಿನಲ್ಲಿ ಪುನಃ ಹಾರಲು ನೋಡಿದೆ. ನಾನು ಎಳೆದರೆ ಮೂಗು ಏಳುವುದಿಲ್ಲ. ಬೇರೆಯವರು ಮುಟ್ಟಿದರೆ ಏಳ್ತದೆ. ನಾನು ಎಳೆಯಲೇ ಇಲ್ಲ ಅಂತಾರೆ. ಯಾರ ಹತ್ತಿರವೂ ಹೇಳಿಲ್ಲ, ಹುಚ್ಚು ಅಂತಾರೆ. ಹೀಗೆ ಆಗುವುದುಂಟಾ? ನೀನು ಕಲಿಸಿದವನು, ನಿನಗೇನಾದರೂ ಗೊತ್ತುಂಟಾ?" ಎಂದು ಕೇಳಿದ.

ನನಗಾದದ್ದನ್ನು ನಾನು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಆ ಎಂಟು ಗಂಟೆಗೆ ಗೆರೆ ಹಾಕು ಎನ್ನಬಹುದಿತ್ತು. ಬಾ, ಕಕ್ಕಿಂಜೆಗೆ ಹೋಗುವ ಎನ್ನಬಹುದಿತ್ತು. ಅವನ ಕಣ್ಣು ತುಂಬಿತ್ತು. ನನಗೆ ಆ ಹೋಟೆಲಿನ ಪೆನ್ನು ನೆನಪಾಯಿತು.

"ಇಲ್ಲ ಮಾರಾಯ, ನನಗೇನೂ ಗೊತ್ತಿಲ್ಲ" ಎಂದೆ.

ಎರಡು ದಿನ ಬಿಟ್ಟು ಬೆಳಗಿನ ಡ್ಯೂಟಿ. ನೂರ ಎಪ್ಪತ್ತು ಜನ ಹಿಂದೆ ಕುಳಿತಿದ್ದರು, ಆ ದಿನ ವಿಮಾನ ಎಬ್ಬಿಸುವ ಸರದಿ ನನ್ನದು. ವೇಗ ಬಂತು, ಎಳೆದೆ. ಒಂದು ಕ್ಷಣ, ಎರಡು ಕ್ಷಣ ಏನೂ ಆಗಲಿಲ್ಲ. ಪಕ್ಕದ ಕ್ಯಾಪ್ಟನ್ ತಲೆ ತಿರುಗಿಸಿ ನನ್ನ ಕೈಯನ್ನು ನೋಡಿದರು. ಆಮೇಲೆ ಎದ್ದಿತು. "ಇವತ್ತು ತೂಕ ಜಾಸ್ತಿ ಇದೆಯಾ?" ಎಂದು ಅವರು ಕಾಗದ ನೋಡಿದರು. ತೂಕ ಸರಿಯಾಗಿಯೇ ಇತ್ತು.