ಎಲ್ಲರೂ ಓದಬಹುದಾಗಿದ್ದ ನನ್ನ ಟಪಾಲು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ನಂಜನಗೂಡಿನ ಒಂದು ಸಣ್ಣ ವಾರಪತ್ರಿಕೆಯ ವರದಿಗಾರ. ದಿನವೂ ಟಿ. ನರಸೀಪುರದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಕಚೇರಿಯಲ್ಲಿ ನಾಲ್ವರು ಬಳಸುತ್ತಿದ್ದ ಒಂದೇ ಯುನಿಕ್ಸ್ ಕಂಪ್ಯೂಟರನ್ನು ನೋಡಿಕೊಳ್ಳುವುದೂ ನನ್ನ ಪಾಲಿಗೆ ಬಂದಿತ್ತು. ಮೋಡೆಮ್ ಮೂಲಕ ಬಂದ ಇ-ಮೇಲನ್ನು ಅದು ಒಬ್ಬೊಬ್ಬರ ಹೆಸರಿನ ಫೈಲಿಗೆ ಹಂಚುತ್ತಿತ್ತು.

ಡಿಸ್ಕ್ ಬದಲಾಯಿಸಿದ ಮೇಲೆ ಹಂಚಿಕೆ ನಿಂತಿತು. ಬರೆಯಲು ಅನುಮತಿ ಇಲ್ಲ ಎಂದು ಯಂತ್ರ ಹೇಳುತ್ತಿತ್ತು. ಅಂದು ಪತ್ರಿಕೆ ಅಚ್ಚಿಗೆ ಹೋಗುವ ದಿನ. ಮೈಸೂರಿನ ಇಂಜಿನಿಯರ್ ಫೋನಿನಲ್ಲಿ, "ಫೈಲಿನ ಒಡೆಯನಿಗೆ, ಹಂಚೋ ಪ್ರೋಗ್ರಾಮಿನ ಗುಂಪಿಗೆ ಮಾತ್ರ ಅನುಮತಿ ಕೊಡಿ ಸರ್. ಬೇರೆಯವರಿಗೆ ಬೇಡ" ಎಂದರು. ನಾನು 666 ಎಂದು ಹೊಡೆದೆ. ಯಾರು ಬೇಕಾದರೂ ಓದಬಹುದು, ಬರೆಯಬಹುದು ಎಂದು ಅದರ ಅರ್ಥ. ಮೇಲ್ ಬಂತು. ಸರಿಪಡಿಸುವುದನ್ನು ಮುಂದಕ್ಕೆ ಹಾಕಿದೆ. ಅಂಚೆಯ ಟಪಾಲನ್ನು ಮೊದಲು ಬಂದವರು ಒಡೆದು ಮೇಜಿನ ಮೇಲಿಡುವ ಕಚೇರಿ ನಮ್ಮದು. ಇದೂ ಹಾಗೇ ಅನ್ನಿಸಿತು.

ಎರಡು ವಾರದ ನಂತರ ಒಂದು ಬೆಳಿಗ್ಗೆ, ನಾನು ಚೀಲ ಇಳಿಸುವ ಮೊದಲೇ ಪತ್ರಿಕೆಗೆ ಜಾಹೀರಾತು ತರುವ ಸಹೋದ್ಯೋಗಿ ನಕ್ಕರು.

"ಏನ್ಸಾ, ಕಳಲೆಯವ್ನು ಫ್ಯಾಕ್ಟ್ರಿ ಹುಳುಕ್ನೆಲ್ಲ ನಿಮ್ಗೆ ಬರ್ದು ಕಳ್ಸವ್ನಂತೆ! ಗಟ್ಟಿ ಆಸಾಮಿ ಕಣ್ರೀ."

"ಯಾರು ಹೇಳಿದ್ರು?"

"ಪೇಪರ್ ಆಪೀಸಲ್ಲಿ ಗುಟ್ಟು ಉಳೀತದಾ ಸಾ?" ಎಂದು ಸ್ಕೂಟರಿನ ಕೀ ತೆಗೆದುಕೊಂಡು ಹೊರಟರು. ಅದೇ ಕಾರ್ಖಾನೆಯ ಜಾಹೀರಾತು ತರುವ ದಿನ ಅದು.

ನನ್ನ ಫೈಲನ್ನು ಕೊನೆಯ ಸಲ ಓದಿದ ಹೊತ್ತು ನೋಡಿದೆ. ಒಂಬತ್ತು ಗಂಟೆ ಹತ್ತು ನಿಮಿಷ. ಆಗ ನಾನು ಬಸ್ಸಿನಲ್ಲಿದ್ದೆ.

ಆ ಇ-ಮೇಲನ್ನು ಆಮೇಲೆ ಓದಿದೆ. ಬರೆದವರು ಪಕ್ಕದ ಕಳಲೆ ಊರಿನವರು, ಕಾರ್ಖಾನೆಯ ಪ್ರಯೋಗಾಲಯದ ಸಹಾಯಕ. ಕೊಳಕು ನೀರನ್ನು ಯಾವ ಪಾಳಿಯಲ್ಲಿ, ಯಾವ ಕೊಳವೆಯಿಂದ ಕಪಿಲಾ ನದಿಗೆ ಬಿಡುತ್ತಾರೆ ಎಂಬ ವಿವರವಿತ್ತು. ಕೊನೆಗೆ ಹೀಗಿತ್ತು: ನೀವೊಬ್ಬರೇ ಓದಿ, ಮನೆಯಲ್ಲಿ ದುಡಿಯುವವನು ನಾನೊಬ್ಬನೇ.

ಬೇರೆಯವರು ಓದಲಾಗದಂತೆ ಅನುಮತಿಯನ್ನು 660ಕ್ಕೆ ಇಳಿಸಿದೆ. ಒಂದು ನಿಮಿಷವೂ ಹಿಡಿಯಲಿಲ್ಲ.

ಮರುದಿನ ಆ ಸಹಾಯಕ ಸೈಕಲ್ಲಿನಲ್ಲಿ ಕಚೇರಿಗೆ ಬಂದರು. ಬಾಗಿಲು ದಾಟಲಿಲ್ಲ.

"ಅನ್ನೊಂದು ಗಂಟೆಗೆ ಬಾ ಅಂತ ಮ್ಯಾನೇಜರ್ ಕರ್ದವ್ರೆ ಸಾ. ಏನ್ಕೆ ಅಂತ ಯೋಳ್ನಿಲ್ಲ. ನೀವು ಯಾರ್ಗಾದ್ರೂ ಯೋಳಿದ್ರಾ?"

"ನಾನು ಯಾರಿಗೂ ಹೇಳಿಲ್ಲ," ಎಂದೆ. ಸುಳ್ಳಲ್ಲ. ಹೇಳಬೇಕಾದ ಉಳಿದ ಮಾತನ್ನು ಹೇಳಲಿಲ್ಲ.

"ಅಂಗಾದ್ರೆ ಬೇರೆ ಏನೋ ಇರ್ಬೇಕು ಬುಡಿ." ಅವರ ಮುಖ ಸಡಿಲವಾಯಿತು. ಸೈಕಲ್ಲನ್ನು ಕಾರ್ಖಾನೆಯ ಕಡೆ ತಿರುಗಿಸಿದರು. ಹನ್ನೊಂದಕ್ಕೆ ಇನ್ನೂ ಕಾಲು ಗಂಟೆಯಿತ್ತು.