ಕಿವಿ ಮೇಸ್ತ್ರಿಯ ಹಿಂದಿನ ಸೀಟು

ನಮ್ಮ ಯಜಮಾನರನ್ನು ಊರೆಲ್ಲ ಕರೆಯುವುದು ಕಿವಿ ಮೇಸ್ತ್ರಿ ಅಂತ. ಮೂವತ್ತು ವರ್ಷದಿಂದ ಕಾರು ರಿಪೇರಿ ಮಾಡುತ್ತಿರುವ ಮನುಷ್ಯ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಒಳಗೆ ಏನು ಕೆಟ್ಟಿದೆ ಎಂದು ಹೇಳಿಬಿಡುತ್ತಿದ್ದರು. ಕಿವಿ ಹೇಳುವ ತನಕ ಗಾಡಿಗೆ ಜಾಕ್ ಹಾಕಬಾರದು ಅನ್ನುವುದು ಅವರ ನೇಮ. ಮೊದಲೇ ಬಿಚ್ಚಿ ನೋಡುವವರನ್ನು ಕಂಡರೆ ತಾತ್ಸಾರ. ಆ ಜಂಬ ನನಗೇನೂ ಹಿಡಿಸುತ್ತಿರಲಿಲ್ಲ, ಆದರೆ ನಮ್ಮ ಮನೆ ನಡೆಯುತ್ತಿದ್ದುದೇ ಅದರಿಂದ. ಅದಕ್ಕೆ ಬಾಯಿ ಮುಚ್ಚಿಕೊಂಡಿದ್ದೆ.

ಎರಡು ವರ್ಷದ ಹಿಂದೆ ಆ ಕಿವಿ ಕೈಕೊಟ್ಟಿತು. ಮೊದಮೊದಲು ದಪ್ಪ ದನಿಯಾದರೂ ಕೇಳುತ್ತಿತ್ತು, ಸಣ್ಣ ಸದ್ದು ಕೇಳುತ್ತಿರಲಿಲ್ಲ. ಕುಕ್ಕರ್ ಕೂಗಿ ಕೂಗಿ ಸುಸ್ತಾದರೂ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದರು. ಗಂಡಸರಿಗೆ ಅಡುಗೆಮನೆಯ ಸದ್ದು ಕೇಳಿಸದಿರುವುದು ಹೊಸತೇನಲ್ಲವಲ್ಲ, ಸೋಮಾರಿತನ ಅಂದುಕೊಂಡು ಚೆನ್ನಾಗಿ ಬೈದೆ. ಡಾಕ್ಟರು ಪರೀಕ್ಷೆ ಮಾಡಿ, ಗ್ಯಾರೇಜಿನ ಗದ್ದಲದಲ್ಲಿ ಸವೆದ ಕಿವಿ ಇದು, ಹೋದದ್ದು ವಾಪಸ್ ಬರುವುದಿಲ್ಲ, ಮಿಷನ್ ಹಾಕಿಕೊಳ್ಳಿ ಅಂದರು. ಅವತ್ತು ಮನೆಗೆ ಬಂದವರು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು.

"ಮಿಷನ್ ಹಾಕ್ಕೊಂಡ್ರೆ ಎಲ್ರಿಗೂ ಕಾಣತ್ತೆ. ಯಾರಿಗೂ ಹೇಳ್ಬೇಡ ಕಣೇ. ಗೊತ್ತಾದ್ರೆ ಒಂದ್ ಗಾಡೀನೂ ಬರಲ್ಲ," ಅಂದರು.

ನಾನು ಹೇಳಲಿಲ್ಲ. ಅದು ಸಾಲದು ಅಂತ ಅವರ ಕಿವಿಯಾಗಿ ಕೆಲಸಕ್ಕೂ ನಿಂತೆ. ಅವರು ಗಾಡಿ ಓಡಿಸಿ ನೋಡುವಾಗ ಹಿಂದಿನ ಸೀಟಿನಲ್ಲಿ ಕೂರುವುದು. ಸದ್ದು ಎಡಗಡೆಯಿಂದ ಬಂದರೆ ಅವರ ಎಡ ಭುಜ, ಬಲಗಡೆಯಿಂದ ಬಂದರೆ ಬಲ ಭುಜ ಮುಟ್ಟುವುದು. ಇಷ್ಟೇ ನಮ್ಮ ಒಪ್ಪಂದ. "ಮೇಸ್ತ್ರಿಗೆ ಈ ವಯಸ್ಸಲ್ಲಿ ಹೆಂಡ್ತೀನ ಬಿಟ್ಟಿರಕ್ಕಾಗಲ್ಲ," ಅಂತ ಎದುರಿನ ಟೈಲರ್ ಚುಡಾಯಿಸುತ್ತಿದ್ದ. ನಾನು ನಾಚಿಕೊಂಡವಳ ಹಾಗೆ ನಕ್ಕುಬಿಡುತ್ತಿದ್ದೆ. ಸಿಕ್ಕಿಬೀಳಲಿಲ್ಲ, ಹಾಗಾಗಿ ಇದೇ ಸರಿ ಅಂದುಕೊಂಡೆವು.

ಒಂದು ಶನಿವಾರ ಬೆಳಿಗ್ಗೆ ಆಸ್ಪತ್ರೆಯ ನರ್ಸ್ ತಮ್ಮ ಬಿಳಿ ಕಾರು ತಂದರು. ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದರೆ ಮುಂದಿನ ಚಕ್ರದಿಂದ ಟಕ್ ಟಕ್ ಅಂತ ಸದ್ದು.

"ನಿನ್ನೆ ಪಂಕ್ಚರ್ ಹಾಕಿಸ್ಕೊಂಡು ಬಂದ್ಮೇಲೆ ಶುರುವಾಗಿದ್ದು," ಅಂದರು, ಕೈಚೀಲದಲ್ಲಿ ಏನೋ ಹುಡುಕುತ್ತ, ತಲೆ ತಗ್ಗಿಸಿಕೊಂಡು. ಇವರು ಹೂಂ ಹೂಂ ಅಂತ ತಲೆಯಾಡಿಸಿದರು. ಕೇಳಿಸಿತು ಅಂದುಕೊಂಡೆ ನಾನು. ತುಟಿ ಕಾಣದಿದ್ದರೆ ಅವರಿಗೆ ಒಂದು ಮಾತೂ ದಕ್ಕುವುದಿಲ್ಲ ಎನ್ನುವುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ಹೊತ್ತಿಗೆ ತಲೆಗೆ ಹೊಳೆಯಲಿಲ್ಲ.

ಗ್ಯಾರೇಜಿನ ಹಿಂದಿನ ಬಯಲಿನಲ್ಲಿ ಸ್ಟೀರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿ ಸುತ್ತು ಹೊಡೆದರು, ಆಮೇಲೆ ಬಲಕ್ಕೆ. ಸದ್ದು ಬಲ ಮುಂಚಕ್ರದ್ದು. ಬಲ ಭುಜ ಮುಟ್ಟಿದೆ. ಇವರು ಇಳಿದು, ಆಕ್ಸಲ್ ತುದಿಯ ಜಾಯಿಂಟ್ ಸವೆದಿದೆ, ಸೋಮವಾರ ಹೊಸದು ಹಾಕುತ್ತೇನೆ ಅಂದರು.

"ಮಧ್ಯಾಹ್ನ ಮಕ್ಕಳನ್ನ ಕರ್ಕೊಂಡು ಗುಡ್ಡದಾಚೆ ಅಮ್ಮನ ಮನೆಗೆ ಹೋಗ್ಬೇಕಿತ್ತು ಮೇಸ್ತ್ರಿ. ಹೋಗ್ಬಹುದಾ?"

ಈ ಸಲ ಅವರು ಮುಖ ಎತ್ತಿ ಕೇಳಿದ್ದರು. "ಆರಾಮಾಗಿ ಹೋಗ್ಬನ್ನಿ. ಎರಡು ದಿನಕ್ಕೆ ಏನೂ ಆಗಲ್ಲ," ಅಂದರು ಇವರು.

ಮಧ್ಯಾಹ್ನ ಊಟಕ್ಕೆ ಕೂತಾಗ, ತುತ್ತು ಕಲಸುತ್ತ, ಸುಮ್ಮನೆ ಮಾತಿಗೆ ಅಂತ ಕೇಳಿದರು: "ಆಕ್ಸಿಲರೇಟರ್ ಒತ್ತಿದಾಗ ಟಕ್ ಟಕ್ ಜಾಸ್ತಿ ಆಗ್ತಿತ್ತಲ್ವಾ?"

"ಇಲ್ವಲ್ಲ. ಕಾಲು ತೆಗೆದಾಗ್ಲೂ ಹಾಗೇ ಬರ್ತಿತ್ತು."

ಕೈ ನಿಂತಿತು. "ಸರಿಯಾಗಿ ಹೇಳು."

"ಸರಿಯಾಗೇ ಹೇಳ್ತಿದೀನಿ. ಪಂಕ್ಚರ್ ಹಾಕಿಸಿದ್ಮೇಲೆ ಶುರುವಾಯ್ತು ಅಂತ ಅವರೂ ಹೇಳಿದ್ರಲ್ಲ."

ತಟ್ಟೆ ತಳ್ಳಿ ಎದ್ದವರು ಒಂದೇ ಉಸಿರಿಗೆ ಹೇಳಿದರು. ಜಾಯಿಂಟ್ ಸವೆದಿದ್ದರೆ ಎಂಜಿನ್ ಎಳೆದಾಗ ಸದ್ದು ಜೋರಾಗಬೇಕು. ಕಾಲು ತೆಗೆದರೂ ಒಂದೇ ಸಮ ಬರುತ್ತದೆ, ಅದೂ ಚಕ್ರ ಬಿಚ್ಚಿ ಹಾಕಿದ ಮೇಲೆ ಅಂದರೆ, ನಟ್‌ಗಳು ಸಡಿಲ. ಚಕ್ರವೇ ಕಳಚಿಕೊಳ್ಳಬಹುದು. ಎರಡು ವರ್ಷ ನಾನು ಅವರಿಗೆ ಸದ್ದು ಬರುವ ಕಡೆ ತೋರಿಸಿದ್ದೆ, ಸದ್ದಿನ ಗುಣ ಹೇಳಿರಲಿಲ್ಲ. ಅವರು ಕೇಳಿರಲೂ ಇಲ್ಲ. ಜಾಕ್ ಹಾಕಿ, ಚಕ್ರದ ಕ್ಯಾಪ್ ತೆಗೆದು, ಒಮ್ಮೆ ಕಣ್ಣಿಂದ ನೋಡಿದ್ದರೆ ಒಂದು ನಿಮಿಷದ ಕೆಲಸ. ಆ ಹಾಳು ನೇಮ.

ನರ್ಸಿಗೆ ಫೋನ್ ಮಾಡಿದೆ. ರಿಂಗ್ ಆಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಗಾಡಿ ಓಡಿಸುವಾಗ ಫೋನ್ ಎತ್ತದ ಒಳ್ಳೆಯ ಹೆಂಗಸು ಅವರು. ಆ ಒಳ್ಳೆಯತನಕ್ಕೆ ಅವತ್ತು ಶಾಪ ಹಾಕಿದೆ. ಇವರು ಎಂಜಲು ಕೈಯನ್ನು ಪ್ಯಾಂಟಿಗೇ ಒರೆಸಿಕೊಂಡು, ವೀಲ್ ಸ್ಪ್ಯಾನರ್ ಎತ್ತಿಕೊಂಡು ಸ್ಕೂಟರ್ ಹೊರಡಿಸಿದರು. ನಾನು ಹಿಂದೆ ಹತ್ತಿ ಕೂತೆ.

ಊರು ದಾಟಿದೆವು, ಸೇತುವೆ ದಾಟಿದೆವು, ಬಿಳಿ ಕಾರು ಕಾಣಲಿಲ್ಲ. ಹಿಂದೆ ಲಾರಿ ಹಾರನ್ ಹೊಡೆದಾಗಲೆಲ್ಲ ನಾನು ಅವರ ಬೆನ್ನು ಗುದ್ದಿ ಪಕ್ಕಕ್ಕೆ ಸರಿಸುತ್ತಿದ್ದೆ. ಆ ಕಾರಿನ ಹಿಂದಿನ ಸೀಟಿನಲ್ಲಿ ಜಡೆ ಹಾಕಿಕೊಂಡು ಕೂತಿರುವ ನರ್ಸಿನ ಇಬ್ಬರು ಹೆಣ್ಣುಮಕ್ಕಳೇ ಕಣ್ಣ ಮುಂದೆ. ಗುಡ್ಡದ ತಿರುವುಗಳ ಒಂದು ಬದಿಗೆ ತಡೆಗೋಡೆ ಇಲ್ಲ. ಅವರಿಗೇನಾದರೂ ಆದರೆ ನಾನು ಇನ್ನು ಬದುಕುವುದು ಹೇಗೆ?

ಗುಡ್ಡದ ಬುಡದಲ್ಲಿ ರಸ್ತೆ ರಿಪೇರಿ ನಡೆದಿತ್ತು. ಕೆಂಪು ಬಾವುಟ ಹಿಡಿದವನು ಗಾಡಿಗಳನ್ನು ಸಾಲಾಗಿ ನಿಲ್ಲಿಸಿದ್ದ. ಸಾಲಿನಲ್ಲಿ ಆರನೆಯದು ಬಿಳಿ ಕಾರು.

ಇವರು ಸ್ಕೂಟರಿನಿಂದ ಇಳಿದವರೇ ರಸ್ತೆಯಲ್ಲೇ ಮಂಡಿಯೂರಿ ಬಲ ಮುಂಚಕ್ರದ ಕ್ಯಾಪ್ ಕಿತ್ತರು. ಒಳಗಿಂದ ಒಂದು ನಟ್ ಉದುರಿ ನೆಲಕ್ಕೆ ಬಿತ್ತು. ಉಳಿದ ಮೂರರಲ್ಲಿ ಎರಡು ಬರೀ ಬೆರಳಿಗೆ ತಿರುಗಿದವು. ನರ್ಸ್ ಇಳಿದು ಬಂದು, ಅದನ್ನು ನೋಡಿ, ಕಾರಿಗೆ ಒರಗಿ ನಿಂತರು. ಅಕ್ಕಪಕ್ಕದ ಗಾಡಿಯವರೂ ಇಳಿದು ಬಂದರು.

"ಅಷ್ಟು ದೂರದಿಂದ ಓಡಿ ಬಂದ್ರಲ್ಲ ಮೇಸ್ತ್ರಿ," ಅಂತ ನರ್ಸ್ ಅಳತೊಡಗಿದರು. ಜನಕ್ಕೆ ತಿರುಗಿ, "ಬೆಳಿಗ್ಗೆ ಕೇಳಿದ ಸದ್ದನ್ನ ನೆನಪು ಮಾಡ್ಕೊಂಡು ಇಲ್ಲೀತನಕ ಬಂದಿದ್ದಾರೆ ನೋಡಿ. ಕಿವಿ ಅಂದ್ರೆ ಇವರದ್ದು," ಅಂದರು.

ಇವರಿಗೆ ಏನೂ ಕೇಳಿಸಲಿಲ್ಲ. ನೆಲದಿಂದಲೇ ನನ್ನ ಮುಖ ನೋಡಿದರು, ಏನಂತೆ ಅಂತ. ನಾನು ನಕ್ಕು ತಲೆಯಾಡಿಸಿದ್ದರೆ ಸಾಕಿತ್ತು. ಹೆಸರು ಮೊದಲಿಗಿಂತ ದೊಡ್ಡದಾಗುತ್ತಿತ್ತು, ಸೋಮವಾರದಿಂದ ಗ್ಯಾರೇಜಿನ ಮುಂದೆ ಗಾಡಿಗಳ ಸಾಲು. ಕಾರಿನೊಳಗೆ ಚಿಕ್ಕ ಹುಡುಗಿ ಗಾಜಿಗೆ ಮೂಗೊತ್ತಿಕೊಂಡು ನಮ್ಮನ್ನೇ ನೋಡುತ್ತಿದ್ದಳು.

"ಇವರಿಗೆ ಕಿವಿ ಕೇಳಲ್ಲ. ಎರಡು ವರ್ಷ ಆಯ್ತು. ನಿಮ್ಮ ಚಕ್ರದ ಸದ್ದು ಇವರು ಕೇಳೇ ಇಲ್ಲ," ಅಂದೆ.

ನರ್ಸ್ ಅಳು ನಿಲ್ಲಿಸಿದರು. ನನ್ನನ್ನು ನೋಡಿದರು, ಮಕ್ಕಳನ್ನು ನೋಡಿದರು, ಹೋಗಿ ಮಕ್ಕಳ ಕಡೆಯ ಬಾಗಿಲಿಗೆ ಅಡ್ಡ ನಿಂತರು. ಬೈದಿದ್ದರೆ ಹಗುರಾಗುತ್ತಿತ್ತು. ಅವರ ಮುಖ ನೋಡಿಯೇ ಇವರಿಗೆ ಅರ್ಥವಾಯಿತು.

"ಹೇಳ್ಬಿಟ್ಯಾ?"

ಹೂಂ ಅಂತ ತಲೆಯಾಡಿಸಿದೆ. ಅವರು ತಲೆ ತಗ್ಗಿಸಿ ನಾಲ್ಕೂ ನಟ್ ಕೂರಿಸಿ, ಒಂದೊಂದನ್ನೂ ಮೈಭಾರ ಹಾಕಿ ಬಿಗಿ ಮಾಡಿದರು. ಮುಗಿದ ಮೇಲೂ ಏಳಲಿಲ್ಲ. ಸ್ಪ್ಯಾನರನ್ನು ನನ್ನ ಕಡೆ ಚಾಚಿದರು.

"ನೀನೂ ಒಂದ್ಸಲ ಬಿಗಿ ಮಾಡಿ ನೋಡು. ನಂಗೆ ನನ್ ಮೇಲೇ ನಂಬಿಕೆ ಇಲ್ಲ ಈಗ."

ಬಾವುಟದವನು ದಾರಿ ಬಿಟ್ಟಿದ್ದ, ಹಿಂದಿನವರೆಲ್ಲ ಹಾರನ್ ಹೊಡೆಯುತ್ತಿದ್ದರು. ನಾನು ಸೆರಗು ಸಿಕ್ಕಿಸಿಕೊಂಡು ಮಂಡಿಯೂರಿ, ಮೊದಲನೆಯ ನಟ್‌ಗೆ ಸ್ಪ್ಯಾನರ್ ಹಾಕಿದೆ.