ಕಾಕಾನ ಊಟದ ತಟ್ಟೆ

ಮೊನ್ನೆ ಟಿಳಕವಾಡಿಯ ಪಾತ್ರೆ ಅಂಗಡಿಯಲ್ಲಿ ನಾನು ಒಂದೊಂದೇ ಪಿಂಗಾಣಿ ತಟ್ಟೆಯನ್ನು ಎತ್ತಿ, ಬೆರಳ ಗೆಣ್ಣಿನಿಂದ ಬಾರಿಸಿ, ಕಿವಿಯ ಹತ್ತಿರ ಹಿಡಿದು ಕೇಳುತ್ತಿದ್ದೆ. ಆರನೆಯ ತಟ್ಟೆಗೆ ಅಂಗಡಿಯವನ ತಾಳ್ಮೆ ಮುಗಿಯಿತು. "ಅಕ್ಕಾರ, ತಟ್ಟಿ ತಗೊಳ್ಳಾಕ ಬಂದೀರೋ, ತಬಲಾ ತಗೊಳ್ಳಾಕ ಬಂದೀರೋ?" ಅಂದ. ನನಗೂ ನಗು ಬಂತು. ಅರವತ್ತು ದಾಟಿದ ಹೆಂಗಸು ಹೀಗೆ ತಟ್ಟೆಗೆ ಕಿವಿಗೊಟ್ಟು ನಿಂತರೆ ಯಾರಾದರೂ ಏನು ಅಂದುಕೊಂಡಾರು? ಆದರೆ ಈ ಚಾಳಿ ಮೂಲತಃ ನನ್ನದಲ್ಲ, ನಮ್ಮ ಕಾಕಾನದು.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಹಿರಿಯನಾದರೂ ಅವನನ್ನು ಏಕವಚನದಲ್ಲೇ ಕರೆದು ರೂಢಿ. ಬಹುವಚನ ಹಚ್ಚಿದರೆ ಅವನಿಗೇ ಸಿಟ್ಟು ಬರುತ್ತಿತ್ತು. ಖಾನಾಪುರದ ಒಂದು ಹೆಂಚಿನ ಕಾರ್ಖಾನೆಯಲ್ಲಿ ಅವನಿಗೆ ಕೆಲಸ. ಭಟ್ಟಿಯಿಂದ ಇಳಿದ ಪ್ರತಿಯೊಂದು ಹೆಂಚೂ ಅವನ ಕೈ ದಾಟಿಯೇ ಹೋಗಬೇಕು. ಗೆಣ್ಣಿನಿಂದ ಒಂದು ಪೆಟ್ಟು. ಠಣ್ ಎಂದರೆ ಲಾರಿಗೆ. ದಬ್ ಎಂದರೆ ಒಳಗೆಲ್ಲೋ ಕಣ್ಣಿಗೆ ಕಾಣದ ಒಡಕಿದೆ ಎಂದು ಲೆಕ್ಕ. ಅಂಥದ್ದನ್ನು ಬಾಜೂಕೆ ಸರಿಸುತ್ತಿದ್ದ. ಹಾಗೆ ಸರಿಸಿಟ್ಟವನ್ನು ಸಂಜೆ ಮಾಲಕರನ್ನು ಕೇಳಿ ಸೈಕಲ್ಲಿಗೆ ಕಟ್ಟಿಕೊಂಡು ಮನೆಗೆ ತರುತ್ತಿದ್ದ. ಊರಿಗೆಲ್ಲ ಗಟ್ಟಿ ಹೆಂಚು ಆರಿಸಿ ಕಳಿಸಿದವನ ಅಡುಗೆಮನೆಯ ಮೇಲೆ ಮಾತ್ರ ಬರೀ ಒಡಕು ಹೆಂಚು. ಮಳೆಗಾಲದಲ್ಲಿ ಅವನ ಹೆಂಡತಿ, ನಮ್ಮ ಕಾಕು, ಒಲೆಯ ಸುತ್ತ ಪಾತ್ರೆ ಹರಡುತ್ತ, "ಒಡದದ್ದೆಲ್ಲಾ ನನ್ನ ತಲಿ ಮ್ಯಾಲೇ ತಂದ ಹಾಕತಾರ ನೋಡ ಇವರು" ಎಂದು ನನಗೆ ದೂರು ಹೇಳುತ್ತಿದ್ದಳು. ಕಾಕಾ ಬೀಡಿ ಹಚ್ಚಿಕೊಂಡು, "ಹೊರಗ ಒಗದ್ರ ಅವನ್ನ ಯಾರ ತಗೋತಾರ? ಮನ್ಯಾಗರ ಇರ್ಲಿ" ಅನ್ನುತ್ತಿದ್ದ.

ಅಪ್ಪನದು ವರ್ಗಾವಣೆಯ ನೌಕರಿ. ಹಾಗಾಗಿ ನನ್ನ ಸಾಲಿಯ ದಿನಗಳೆಲ್ಲ ಆ ಸೋರುವ ಅಡುಗೆಮನೆಯಲ್ಲೇ ಕಳೆದವು. ಅವರಿಗೆ ಮಕ್ಕಳಿರಲಿಲ್ಲ, ನಾನೇ ಮಗಳು. ಕಾಕಾ ಕನ್ನಡದಲ್ಲಿ ಬೈಯುತ್ತಿದ್ದ, ಮರಾಠಿಯಲ್ಲಿ ಮುದ್ದು ಮಾಡುತ್ತಿದ್ದ. ಪರೀಕ್ಷೆಯ ದಿನ ಬೆಳಿಗ್ಗೆ ನನ್ನ ಹಣೆಗೆ ಗೆಣ್ಣಿನಿಂದ ಬಾರಿಸಿ, ಕಿವಿಯಾನಿಸಿ ಕೇಳಿ, "ಠಣ್ ಅಂತೈತಿ. ಹೋಗಿ ಬಾ" ಅನ್ನುವನು. ಅಲ್ಲಿಯವರೆಗೆ ನಾನು ಉಸಿರು ಬಿಗಿಹಿಡಿದು ನಿಂತಿರುತ್ತಿದ್ದೆ. ಗಣಿತದಲ್ಲಿ ಪ್ರತಿವರ್ಷ ಅವನ ಪರೀಕ್ಷೆ ಸುಳ್ಳಾಗುತ್ತಿತ್ತೆನ್ನುವುದು ಬೇರೆ ಮಾತು.

ಕಾಕು ತೀರಿಕೊಂಡ ಮೇಲೆ ಅವನನ್ನು ಹಿಂದವಾಡಿಯ ನಮ್ಮ ಮನೆಗೆ ಕರೆತಂದೆ. ಮೊದಮೊದಲು ಕನ್ನಡಕ ಮರೆತ, ಆಮೇಲೆ ಊಟ ಮಾಡಿದ್ದನ್ನು ಮರೆತ, ಕೊನೆಗೆ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತೆಂಬುದನ್ನೇ ಮರೆತ. ನಸುಕಿನಲ್ಲೆದ್ದು ಖಾನಾಪುರಕ್ಕೆ ಡ್ಯೂಟಿಗೆ ಹೊರಟುಬಿಡುವನು. ಒಮ್ಮೆ ರೈಲು ಹಳಿಯ ಮೇಲೆ ನಡೆಯುತ್ತಿದ್ದವನನ್ನು ಯಾರೋ ಪುಣ್ಯಾತ್ಮರು ತಂದು ಬಿಟ್ಟರು. ನನ್ನ ಮೊಣಕಾಲು ಅವನ ಹಿಂದೆ ಓಡಲು ಒಪ್ಪುತ್ತಿರಲಿಲ್ಲ. ನನ್ನ ಯಜಮಾನರಿಗೆ ಹೃದಯದ ತೊಂದರೆ. ಕೊನೆಗೆ ಪೀರನವಾಡಿಯಲ್ಲಿ ಮರೆವಿನ ಕಾಯಿಲೆಯ ಹಿರಿಯರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಸೇರಿಸಿದೆ. ಆ ದಿನ ಅವನು ಗೇಟಿನ ತನಕ ನನ್ನ ಜೊತೆ ಬಂದು, "ಕೆಲಸ ಮುಗೀತಲ್ಲ, ಮನಿಗಿ ಹೋಗೂಣು ನಡಿ" ಅಂದ. "ನಾಳೆ ಬಂದು ಕರ್ಕೊಂಡ ಹೋಗತೀನಿ" ಎಂದು ಸುಳ್ಳು ಹೇಳಿ ರಿಕ್ಷಾ ಹತ್ತಿದೆ. ಆಮೇಲೆ ಪ್ರತಿಸಲವೂ ಅದೇ ಸುಳ್ಳು ಹೇಳಿಯೇ ಎದ್ದು ಬರುತ್ತಿದ್ದೆ. ಅವನು ಮರೆಯುತ್ತಿದ್ದ, ನನಗೆ ಮರೆಯಲಾಗುತ್ತಿರಲಿಲ್ಲ.

ಎರಡು ತಿಂಗಳ ಹಿಂದೆ ಅಲ್ಲಿ ಅವನನ್ನು ನೋಡಿಕೊಳ್ಳುವ ಸುಮನ್ ಫೋನ್ ಮಾಡಿದಳು. "ಅಜ್ಜಾರು ಊಟಾ ಬಿಟ್ಟಾರ್ರಿ ಅಕ್ಕಾ. ತಟ್ಟಿ ಮುಂದಿಟ್ರ ದೂಡತಾರ. ಭಾಳ ಇಳದಾರ." ಡಾಕ್ಟರು ಬಂದು ಹಲ್ಲು ನೋಡಿದರು, ಹೊಟ್ಟೆ ನೋಡಿದರು, ಏನೂ ಸಿಗಲಿಲ್ಲ. ಹೀಗೇ ಆದರೆ ಆಸ್ಪತ್ರೆಗೆ ಹಾಕಿ ಮೂಗಿನಿಂದ ನಳಿಕೆ ಇಳಿಸಬೇಕಾದೀತು ಅಂದರು. ಅಡುಗೆ ಸೇರುತ್ತಿಲ್ಲವೆಂದು ತೀರ್ಮಾನಿಸಿದ ಮಹಾಬುದ್ಧಿವಂತೆ ನಾನು, ಝುಣಕ-ರೊಟ್ಟಿ ಮಾಡಿಕೊಂಡು ಓಡಿದೆ. ದೂಡಿದ. ಮರುದಿನ ಸಿಹಿಗೆಂದು ಕುಂದಾ ಒಯ್ದೆ. ಅದನ್ನೂ ದೂಡಿದ. ಇವನಿಗೆ ನನ್ನ ಮೇಲೆ ಸಿಟ್ಟು, ಬಿಟ್ಟುಹೋದವಳ ಕೈತುತ್ತು ಬೇಡವಾಗಿದೆ ಎಂದುಕೊಂಡು ರಿಕ್ಷಾದಲ್ಲಿ ಅತ್ತೆ.

ಮೂರನೆಯ ದಿನ ಮುಖ ನೋಡುವುದನ್ನು ಬಿಟ್ಟು ಅವನ ಕೈ ನೋಡಿದೆ. ಸುಮನ್ ಅನ್ನ-ಸಾರು ಬಡಿಸಿ ತಟ್ಟೆ ಇಟ್ಟಳು. ಕಾಕಾ ತಟ್ಟೆಯ ಅಂಚನ್ನು ತುಸು ಎತ್ತಿ ಗೆಣ್ಣಿನಿಂದ ಬಾರಿಸಿದ. ದಬ್ ಅಂತು. "ಒಡದೈತಿ" ಎಂದು ಗೊಣಗಿ ಬಾಜೂಕೆ ಸರಿಸಿದ.

ಅದು ಪ್ಲಾಸ್ಟಿಕ್ ತಟ್ಟೆ. ಅಲ್ಲಿಗೆ ಹೊಸದಾಗಿ ಸೇರಿದ ವಯಸ್ಸಾದ ಆಯಿಯೊಬ್ಬಳು ಸ್ಟೀಲಿನ ಸದ್ದಿಗೆ ಬೆಚ್ಚಿಬೀಳುತ್ತಾಳೆಂದು ಎಲ್ಲರ ತಟ್ಟೆಗಳನ್ನೂ ಬದಲಿಸಿದ್ದರು. ಅಂದಿನಿಂದಲೇ ಇವನ ಉಪವಾಸ ಶುರುವಾಗಿತ್ತು. ದಿನಕ್ಕೆ ಮೂರು ಹೊತ್ತು ಅವನು ನಿಯತ್ತಿನಿಂದ ತನ್ನ ಕೆಲಸ ಮಾಡುತ್ತಿದ್ದ. ನಾವದನ್ನು ಹಟ ಎಂದುಕೊಂಡಿದ್ದೆವು. ಅವನ ಕೈಯಿಂದ ಹಣೆಗೆ ಅಷ್ಟು ಸಲ ಬಾರಿಸಿಕೊಂಡ ನನಗೂ ಹೊಳೆದಿರಲಿಲ್ಲ.

ಸಂಜೆಯೇ ಮನೆಯಿಂದ ಒಂದು ಪಿಂಗಾಣಿ ತಟ್ಟೆ ಒಯ್ದೆ. ಮೇಜಿನ ಮೇಲೆ ಬಟ್ಟೆ ಹಾಸಿ ಇಟ್ಟರೆ ಆಯಿಗೆ ತೊಂದರೆಯಿಲ್ಲ, ಬಾರಿಸಿದರೆ ಇವನಿಗಷ್ಟೇ ಕೇಳುವ ಸಣ್ಣ ಠಣ್. ಕಾಕಾ ಬಾರಿಸಿದ, ತಲೆಯಾಡಿಸಿದ, ಒಂದಗುಳು ಬಿಡದೆ ಉಂಡ. "ಅಯ್ಯ, ಇಷ್ಟಕ್ಕೇನ್ರಿ ಅಕ್ಕಾ?" ಎಂದು ಸುಮನ್ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೋದ ವಾರ ಅದೇ ತಟ್ಟೆ ತೊಳೆಯುವಾಗ ಜಾರಿ ಒಡೆಯಿತು. ಅದಕ್ಕೇ ನಾನು ಆ ಅಂಗಡಿಯವನ ತಾಳ್ಮೆ ಪರೀಕ್ಷಿಸಬೇಕಾಯಿತು.

ಏಳನೆಯ ತಟ್ಟೆ ಪಾಸಾಯಿತು. ಅದನ್ನು ಹಿಡಿದು ನೇರ ಪೀರನವಾಡಿಗೆ ಹೋದೆ. ಕಾಕಾ ಬಾರಿಸಿ ನೋಡಿ ಒಪ್ಪಿಕೊಂಡು ಉಂಡ. ಆಮೇಲೆ ನನ್ನನ್ನೇ ನೋಡುತ್ತ, "ಬಾಯಾರ, ನಿಮ್ಮದು ಯಾವೂರ್ರಿ?" ಎಂದು ಕೇಳಿದ. ಅವನು ನನಗೆ 'ರೀ' ಹಚ್ಚಿದ್ದು ಅದೇ ಮೊದಲು. ಬಗ್ಗಿ ಅವನ ಬಾಯಿ ಒರೆಸತೊಡಗಿದೆ. ತಟಕ್ಕನೆ ಅವನ ಗೆಣ್ಣು ನನ್ನ ಹಣೆಗೆ ಬಡಿಯಿತು. ಕಿವಿ ಹತ್ತಿರ ತಂದ. ಪರೀಕ್ಷೆಯ ಬೆಳಗಿನ ಹಾಗೆ ಉಸಿರು ಬಿಗಿಹಿಡಿದೆ.

"ದಬ್ ಅಂತೈತಿ" ಅಂದ. "ಒಳಗ ಒಡದೈತಿ."

ಸುಮನ್ ನಕ್ಕಳು. ನನಗೆ ನಗಲಾಗಲಿಲ್ಲ. ಇನ್ನು ನನ್ನನ್ನೂ ಬಾಜೂಕೆ ಸರಿಸುತ್ತಾನೆ ಎಂದು ಕಾದೆ. ಅವನು ನನ್ನ ಮಣಿಕಟ್ಟು ಹಿಡಿದುಕೊಂಡು ಸುಮನ್ ಕಡೆ ತಿರುಗಿದ. "ಇದನ್ನ ಹೊರಗ ಒಗೀಬ್ಯಾಡ. ಸಂಜಿಕ ನಾನ ಮನಿಗಿ ಒಯ್ತೀನಿ."

ನಾಳೆ ಬರುತ್ತೇನೆಂದು ಹೇಳಿ ಏಳಲು ಆ ದಿನ ನನ್ನಿಂದಾಗಲಿಲ್ಲ. ಅವನು ಕೈ ಬಿಡುವ ತನಕ ಅಲ್ಲೇ ಕೂತಿದ್ದೆ.